ಸಹಾಯ ಬೇಕು: ಆಹ್ವಾನ ಪತ್ರಿಕೆಯಲ್ಲಿ ‘ಸರ್’ ಮತ್ತು ‘ಡೇಮ್’ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡುತ್ತಿದ್ದೇವೆ. ಪತ್ರಿಕೆಯ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಮುಖ್ಯ ಅತಿಥಿ ನೈಟ್‌ಹುಡ್ (ಹೆಸರಿನ ಮುಂದೆ ‘ಸರ್’ ತರುವ ಬ್ರಿಟಿಷ್ ಗೌರವ) ಪಡೆದ ಇಂಗ್ಲಿಷ್ ವೈದ್ಯರು. ಅವರ ಹೆಂಡತಿಗೂ ಸ್ವಂತ ಸಾಧನೆಗೆ ಡೇಮ್ ಗೌರವ (ಹೆಂಗಸರಿಗೆ ಕೊಡುವ, ನೈಟ್‌ಹುಡ್‌ಗೆ ಸಮನಾದದ್ದು) ಸಿಕ್ಕಿದೆ. ಅವರು ತವರಿನ ಹೆಸರನ್ನೇ ಉಳಿಸಿಕೊಂಡಿದ್ದಾರೆ.

ಹುಡುಕಿ ಓದಿ ಇಷ್ಟು ತಿಳಿದುಕೊಂಡೆ. ‘ಸರ್’ ಅಂಟಿಕೊಳ್ಳುವುದು ಮೊದಲ ಹೆಸರಿಗೆ. ಸರ್ ವಿನ್‌ಸ್ಟನ್ ಸರಿ, ಸರ್ ಚರ್ಚಿಲ್ ತಪ್ಪು. ಹೆಂಡತಿಗೆ ಮಾತ್ರ ಮನೆತನದ ಹೆಸರು, ಲೇಡಿ ಚರ್ಚಿಲ್. ನೈಟ್‌ಹುಡ್‌ಗಿಂತ ಕೆಳಗಿನ ಗೌರವಗಳಾದ ಎಂಬಿಇ, ಒಬಿಇ, ಸಿಬಿಇ ಪಡೆದವರಿಗೆ ಸರ್ ಇಲ್ಲ, ಹೆಸರಿನ ಕೊನೆಗೆ ಆ ಅಕ್ಷರಗಳು ಬರುತ್ತವೆ. ನಮ್ಮ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಕೆಸಿಐಇ ಎಂಬ ನೈಟ್‌ಹುಡ್ ಬಂತು. ಮೋಕ್ಷಗುಂಡಂ ಊರಿನ ಹೆಸರು, ವಿಶ್ವೇಶ್ವರಯ್ಯ ಅವರದೇ ಹೆಸರು. ಹಾಗಾಗಿ ‘ಸರ್ ಎಂ. ವಿಶ್ವೇಶ್ವರಯ್ಯ’ ಸರಿಯಾಗಿಯೇ ಕೂರುತ್ತದೆ, ಅಲ್ವಾ?

ಸಿಕ್ಕಿಹಾಕಿಕೊಂಡಿರುವುದು ಈ ದಂಪತಿಯ ಸಾಲಿನಲ್ಲಿ. ಮೊದಲ ಕರಡಿನಲ್ಲಿ ‘ಸರ್ ಮತ್ತು ಲೇಡಿ’ ಎಂದು ಬರೆದಿದ್ದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಆಕೆ ತಾವೇ ದುಡಿದು ಪಡೆದ ಗೌರವವನ್ನು ನಾವು ಅಳಿಸಿದ ಹಾಗಾಗುತ್ತದೆ. ಕನ್ನಡದ ಬದಿಯಲ್ಲಿ ಇನ್ನೊಂದು ತೊಡಕು. ಎಲ್ಲ ಅತಿಥಿಗಳಿಗೂ ‘ಶ್ರೀ’, ‘ಶ್ರೀಮತಿ’ ಹಾಕಿದ್ದೇವೆ. ಇವರಿಬ್ಬರಿಗೆ ಮಾತ್ರ ಬಿಟ್ಟರೆ ಹಿರಿಯರು ಮರ್ಯಾದೆ ಕಡಿಮೆಯಾಯಿತು ಅನ್ನುತ್ತಾರೆ. ‘ಶ್ರೀ ಸರ್’ ಅಂತ ಬರೆದರೆ ಓದಲಿಕ್ಕೇ ಆಗುವುದಿಲ್ಲ.

ಗೊತ್ತಿರುವವರು ಎರಡು ವಿಷಯ ಹೇಳಿ. ಒಂದು, ಇಬ್ಬರ ಪೂರ್ತಿ ಹೆಸರನ್ನೂ ‘ಸರ್’, ‘ಡೇಮ್’ ಜೊತೆ ಬೇರೆಬೇರೆಯಾಗಿ ಬರೆಯಬೇಕಾ? ಇನ್ನೊಂದು, ಕನ್ನಡದಲ್ಲಿ ‘ಶ್ರೀ’ ಬಿಟ್ಟು, ಹೆಸರಿನ ಕೊನೆಗೆ ‘ಅವರು’ ಸೇರಿಸಿದರೆ ಸಾಕಾ?