ಡಿಸೆಂಬರ್ ಗಾಳಿಗೆ ದಿಕ್ಕಿನ ಬಣ್ಣ ಕೊಟ್ಟರೆ ನಡುವೆ ಬಿಳಿ ಗೆರೆ ಬರ್ತಿದೆ (ಪ್ಯಾರಾವ್ಯೂ)

ಪ್ರಶ್ನೆ, ರಾಯಚೂರು

ನಮಸ್ಕಾರ. ಇಆರ್‌ಎ5 ಎಂಬ ಜಾಗತಿಕ ಹವಾಮಾನ ದತ್ತಾಂಶದಿಂದ ನಮ್ಮ ಭಾಗದ 10 ಮೀಟರ್ ಎತ್ತರದ ಗಾಳಿಯನ್ನು ಪ್ಯಾರಾವ್ಯೂ ಎಂಬ ಚಿತ್ರಣ ತಂತ್ರಾಂಶಕ್ಕೆ ಹಾಕಿದ್ದೇನೆ. ಬಣ್ಣ ವೇಗಕ್ಕಲ್ಲ, ದಿಕ್ಕಿಗೆ ಬೇಕು. ಮೆನುವಿನಲ್ಲಿ ಮ್ಯಾಗ್ನಿಟ್ಯೂಡ್, ಎಕ್ಸ್, ವೈ, ಝಡ್ ಬಿಟ್ಟರೆ ಏನಿಲ್ಲ. ಅದಕ್ಕೇ ಪೈಥಾನ್ ಕ್ಯಾಲ್ಕುಲೇಟರ್‌ನಲ್ಲಿ ಆರ್ಕ್‌ಟ್ಯಾನ್2 (ಗಾಳಿಯ ಎರಡು ಘಟಕಗಳಿಂದ ಕೋನ ಕೊಡುವ ಫಂಕ್ಷನ್) ಬರೆದು ಕೋನ ತೆಗೆದೆ. ಬಣ್ಣದ ಪಟ್ಟಿ ಕೂಲ್ ಟು ವಾರ್ಮ್ (ನೀಲಿಯಿಂದ ಬಿಳಿ ದಾಟಿ ಕೆಂಪು). ಜುಲೈ ನಕ್ಷೆ ಚೆನ್ನಾಗಿ ಬಂತು. ಡಿಸೆಂಬರ್‌ನಲ್ಲಿ ಕಡುನೀಲಿಯ ಪಕ್ಕದಲ್ಲೇ ಕಡುಗೆಂಪು, ನಡುವೆ ಬಿಳಿ ಗೆರೆ. ಬಾಣಗಳು ಮಾತ್ರ ಎರಡೂ ಕಡೆ ಪಶ್ಚಿಮಕ್ಕೇ ಮುಖ ಮಾಡಿವೆ. ದತ್ತಾಂಶವೇ ತಪ್ಪಿದೆಯಾ?

ಉತ್ತರ, ಬಳ್ಳಾರಿ

ದತ್ತಾಂಶ ಸರಿಯಿದೆ ಸರ್. ಕೋನ ಸುತ್ತಿ ಬರುವ ಅಳತೆ, ನಿಮ್ಮ ಪಟ್ಟಿ ನೇರ. ಆರ್ಕ್‌ಟ್ಯಾನ್2 ಕೊಡುವುದು −3.14ರಿಂದ 3.14 ರೇಡಿಯನ್‌ವರೆಗೆ (ಅಂದರೆ −180ರಿಂದ 180 ಡಿಗ್ರಿ), ಆ ಎರಡು ತುದಿ ಸೇರುವ ಜಾಗವೇ ಪಶ್ಚಿಮ. ಮುಂಗಾರಿನ ಪಡುವಣ ಗಾಳಿ ನಮ್ಮಲ್ಲಿ ಪೂರ್ವಕ್ಕೆ ಬೀಸುತ್ತದೆ, ಕೋನ ಸೊನ್ನೆಯ ಆಸುಪಾಸು, ಹಾಗಾಗಿ ಜುಲೈಯಲ್ಲಿ ತೊಂದರೆ ಕಾಣಲಿಲ್ಲ. ಚಳಿಗಾಲದ ಮೂಡಣ ಗಾಳಿ ನೇರವಾಗಿ ಆ ಬೆಸುಗೆಯ ಮೇಲೇ ಬಂದು ಕೂರುತ್ತದೆ.

ಎರಡೂ ತುದಿಗೆ ಒಂದೇ ಬಣ್ಣ ಕೊಡಿ: −3.14ಕ್ಕೆ ಕೆಂಪು, −1.57ಕ್ಕೆ ಹಳದಿ, 0ಗೆ ಹಸಿರು, 1.57ಕ್ಕೆ ನೀಲಿ, 3.14ಕ್ಕೆ ಮತ್ತೆ ಕೆಂಪು. ವ್ಯಾಪ್ತಿಯನ್ನು ಕೈಯಾರೆ ಕಟ್ಟಿಹಾಕಿ, ಇಲ್ಲದಿದ್ದರೆ ರೀಸ್ಕೇಲ್ ಒತ್ತಿದಾಗಲೆಲ್ಲ ಬಣ್ಣ ಸರಿಯುತ್ತದೆ. ಆರ್ಕ್‌ಟ್ಯಾನ್2 ಒಳಗೆ ಮೊದಲು ವಿ (ಉತ್ತರಕ್ಕೆ ಬೀಸುವ ಘಟಕ), ಆಮೇಲೆ ಯು (ಪೂರ್ವಕ್ಕೆ ಬೀಸುವ ಘಟಕ) ಇದೆಯಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಮಾಡಿದೆ ಸರ್. ನೀಲಿ–ಕೆಂಪು ಜಗಳ ಮುಗಿಯಿತು. ಆದರೆ ಕೆಂಪಿನ ನಡುವೆ ಎಳೆಯಂಥ ಗೆರೆ ಇನ್ನೂ ಇದೆ, ಈಗ ಹಸಿರು!

ಉತ್ತರ, ಬಳ್ಳಾರಿ

ಆ ಹಸಿರೇ ಸುಳಿವು. ಅಕ್ಕಪಕ್ಕದ ಎರಡು ಬಿಂದು ತಗೊಳ್ಳಿ, ಒಂದು 179 ಡಿಗ್ರಿ, ಇನ್ನೊಂದು −179. ನಿಜವಾದ ಅಂತರ ಎರಡೇ ಡಿಗ್ರಿ. ತಂತ್ರಾಂಶ ಮಾತ್ರ ಸಂಖ್ಯೆಗಳ ನಡುವೆ ಹೋಗಿ ಮಧ್ಯದಲ್ಲಿ ಸೊನ್ನೆ ಹಿಡಿಯುತ್ತದೆ, ಅಂದರೆ ಪೂರ್ವ, ಪೂರಾ ಉಲ್ಟಾ. ಇಆರ್‌ಎ5 ಜಾಲರಿಯ ಒಂದು ಚೌಕ 0.25 ಡಿಗ್ರಿ, ಹೆಚ್ಚುಕಡಿಮೆ 27 ಕಿ.ಮೀ. ಹತ್ತಿರದಿಂದ ನೋಡಿದಾಗ ಈ ಗೆರೆ ದಪ್ಪಗೇ ಕಾಣುತ್ತದೆ.

ಡಿಸ್‌ಪ್ಲೇ ವಿಭಾಗದಲ್ಲಿ ‘ಇಂಟರ್‌ಪೊಲೇಟ್ ಸ್ಕೇಲಾರ್ಸ್ ಬಿಫೋರ್ ಮ್ಯಾಪಿಂಗ್’ ಟಿಕ್ ತೆಗೆಯಿರಿ. ಅಡ್ವಾನ್ಸ್‌ಡ್ ಆನ್ ಮಾಡದೆ ಅದು ಕಾಣದೇ ಇರಬಹುದು. ಟಿಕ್ ತೆಗೆದರೆ ಮೊದಲು ಬಿಂದುಗಳಿಗೆ ಬಣ್ಣ ಬೀಳುತ್ತದೆ, ಆಮೇಲೆ ಬಣ್ಣಗಳೇ ಬೆರೆಯುತ್ತವೆ. ಕೆಂಪಿಗೂ ಕೆಂಪಿಗೂ ನಡುವೆ ಕೆಂಪೇ.

ಗಾಳಿಯೇ ಇಲ್ಲದ ಕಡೆ ದಿಕ್ಕಿಗೆ ಅರ್ಥವಿಲ್ಲ. ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ ಇರುವುದನ್ನು ಥ್ರೆಶೋಲ್ಡ್ ಹಾಕಿ ತೆಗೆದುಬಿಡಿ, ನಾನು ಯಾವಾಗಲೂ ಹಾಗೇ ಮಾಡುವುದು.

ಪ್ರಶ್ನೆ ಕೇಳಿದವರು

ಹೋಯ್ತು ಸರ್, ಇಡೀ ರಾಯಚೂರು ಒಂದೇ ಕೆಂಪು! ಸೂಚಿಯಲ್ಲಿ ಇದನ್ನು ‘ಪಶ್ಚಿಮ ಗಾಳಿ’ ಅಂತ ಬರೆಯಲಾ?

ಉತ್ತರ, ಬಳ್ಳಾರಿ

ಬೇಡ. ಹವಾಮಾನದವರು ಗಾಳಿಗೆ ಅದು ಹೊರಟು ಬರುವ ದಿಕ್ಕಿನ ಹೆಸರಿಡುತ್ತಾರೆ. ನಿಮ್ಮ ಕೋನ ಹೋಗುವ ದಿಕ್ಕನ್ನು ಹೇಳುತ್ತದೆ. ‘ಪಶ್ಚಿಮದ ಕಡೆಗೆ’ ಅಂತ ಬರೆಯಿರಿ.