ಬಂದರು ಕಾರವಾರಕ್ಕೂ ಇತ್ತು, ಮುಂಬೈ ಮಾತ್ರ ಯಾಕೆ ಬೆಳೆಯಿತು?

ಹಳೇನಕ್ಷೆ: ಮುಂಬೈ ದುಡ್ಡಿನ ಊರಾಗಿದ್ದಕ್ಕೆ ಕಾರಣ ಒಂದೇ, ಅದರ ರೇವು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಕೊಟ್ಟ ಜಾಗ ಅದು. ರಾಜ 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಸೂರತ್‌ನಲ್ಲಿ ನದಿಯ ಹೂಳು, ಇಲ್ಲಿ ಆಳವಾದ ನೀರು. 1687ರಲ್ಲಿ ಕಂಪನಿ ತನ್ನ ಮುಖ್ಯ ಕಚೇರಿಯನ್ನೇ ಸೂರತ್‌ನಿಂದ ಇಲ್ಲಿಗೆ ತಂದಿತು. ಇನ್ನೇನು ಬೇಕು?

ಹುಬ್ಬಳ್ಳಿಯವ: ರೇವು ಕಾರವಾರಕ್ಕೂ ಇತ್ತಲ್ಲ ಸಾರ್. ನಮ್ಮ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಬೆಳೆದವರು ನಾವು. ಪೇಟೆಯಲ್ಲಿ ಆ ಹತ್ತಿಗೆ ಹೆಸರು ಮಾತ್ರ 'ಕುಮಟಾ'! ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಯವರಿಗೆ ಈ ಹತ್ತಿ ನೇರವಾಗಿ ಬೇಕಿತ್ತು. ಅವರ ಒತ್ತಾಯಕ್ಕೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದು. ಕಾರವಾರದಲ್ಲಿ ಬಂದರು ಕಟ್ಟುತ್ತೇವೆ, ರೈಲು ತರುತ್ತೇವೆ ಅಂದರು. ರೈಲು ಬರಲೇ ಇಲ್ಲ. ಅತ್ತ ಮುಂಬೈ ರೈಲು 1863ಕ್ಕೇ ಪುಣೆ ದಾರಿಯ ಭೋರ್ ಘಾಟ್ ಹತ್ತಿತು. ನಮ್ಮ ಕಡೆಯ ರೈಲು ಕೊನೆಗೆ ಘಟ್ಟ ಇಳಿದಾಗ ಹೋಗಿದ್ದು ಗೋವಾದ ಮರ್ಮಗೋವಾಕ್ಕೆ. ಕಾರವಾರ ರೈಲು ಕಂಡಿದ್ದು 1990ರ ದಶಕದಲ್ಲಿ.

ಲೆಕ್ಕದಮೇಷ್ಟ್ರು: ರೇವು, ರೈಲು ಎರಡೂ ಸರಿ. ಬಂಡವಾಳ? ಯಾರೂ ಅಫೀಮಿನ ಹೆಸರು ಎತ್ತುತ್ತಿಲ್ಲ, ನೋಡಿ. ಬಂಗಾಳದಲ್ಲಿ ಅಫೀಮು ಪೂರ್ತಿ ಕಂಪನಿಯ ಕೈಯಲ್ಲಿತ್ತು. ಮಧ್ಯ ಭಾರತದ ಮಾಳವದ ಅಫೀಮು ಬೆಳೆಯುತ್ತಿದ್ದದ್ದು ದೇಶೀ ರಾಜರ ಸಂಸ್ಥಾನಗಳಲ್ಲಿ. ಹಾಗಾಗಿ ಅದನ್ನು ಮುಂಬೈಗೆ ತಂದು ಚೀನಾಕ್ಕೆ ಕಳಿಸುವ ವ್ಯಾಪಾರದಲ್ಲಿ ಪಾರ್ಸಿ, ಗುಜರಾತಿ, ಮಾರ್ವಾಡಿಗಳಿಗೂ ಪಾಲು ಸಿಕ್ಕಿತು. ಆಸ್ಪತ್ರೆ ಕಟ್ಟಿಸಿದ ಪುಣ್ಯಾತ್ಮ ಅಂತ ನಾವು ನೆನೆಯುವ ಜಮ್‌ಶೆಟ್‌ಜಿ ಜೀಜಿಭಾಯ್ ಕೂಡ ದುಡಿದದ್ದು ಹತ್ತಿ ಮತ್ತು ಅಫೀಮಿನಲ್ಲೇ. ಕಲ್ಕತ್ತದಲ್ಲಿ ಲಾಭ ಜಾಸ್ತಿ ಬ್ರಿಟಿಷರ ಜೇಬಿಗೆ ಹೋಯಿತು. ಇಲ್ಲಿ ಊರಿನವರ ಜೇಬಿನಲ್ಲೂ ಉಳಿಯಿತು. ಮುಂದೆ ಗಿರಣಿ ಹಾಕಲು ಅಷ್ಟು ಜನ ಸೇಠ್‌ಗಳು ಎಲ್ಲಿಂದ ಬಂದರು ಅಂದುಕೊಂಡಿರಿ?

ಹಳೇನಕ್ಷೆ: ಅಫೀಮು ಒಪ್ಪಿದೆ. ಆದರೆ ದೊಡ್ಡ ದುಡ್ಡು ಸುರಿದದ್ದು ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 65. ಅಲ್ಲಿನ ಹತ್ತಿ ನಿಂತು ಇಲ್ಲಿನದಕ್ಕೆ ಬಂಗಾರದ ಬೆಲೆ ಬಂತು.

ಲೆಕ್ಕದಮೇಷ್ಟ್ರು: ಬಂತು, ಹೋಯಿತು ಕೂಡ! ಷೇರು ದಲ್ಲಾಳಿ ಪ್ರೇಮಚಂದ್ ರಾಯಚಂದ್ ಮತ್ತು ಜೊತೆಯವರು ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುವ ಕಂಪನಿಯ ಷೇರನ್ನು ಗಾಳಿಪಟದ ಹಾಗೆ ಹಾರಿಸಿದರು. ಯುದ್ಧ ಮುಗಿದದ್ದೇ 1865ರಲ್ಲಿ ದಾರ ಕಿತ್ತುಹೋಯಿತು. ಬ್ಯಾಂಕ್ ಆಫ್ ಬಾಂಬೆಯೂ ಚೇತರಿಸಿಕೊಳ್ಳದೆ ಮುಚ್ಚಿತು. ಆ ಕಾಲದ ದುಡ್ಡಿನಲ್ಲಿ ಕಣ್ಣಿಗೆ ಕಾಣುವಂತೆ ಉಳಿದದ್ದು ಅಂದರೆ ಪ್ರೇಮಚಂದ್ ತಾಯಿಯ ಹೆಸರಿನ ರಾಜಾಬಾಯಿ ಗೋಪುರ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯದಿದ್ದರೆ ಊರು ಇನ್ನಷ್ಟು ದಿನ ಒದ್ದಾಡುತ್ತಿತ್ತು.

ದಾದರ್‌ಕನ್ನಡತಿ: ಎಲ್ಲರೂ ಸೇಠ್‌ಗಳನ್ನೇ ಎಣಿಸುತ್ತಿದ್ದೀರಿ. ಕವಾಸ್‌ಜಿ ದಾವರ್ 1854ರಲ್ಲಿ ಮೊದಲ ಹತ್ತಿ ಗಿರಣಿಗೆ ಕೈ ಹಾಕಿದರು, ಸರಿ. ಮಗ್ಗ ಓಡಿಸಿದವರು ಯಾರು? ರತ್ನಾಗಿರಿಯಿಂದ, ಸಾತಾರಾದಿಂದ ಬಂದು ಚಾಳ್ ಅನ್ನುವ ವಠಾರದ ಒಂದೇ ಕೋಣೆಯಲ್ಲಿ ಸರದಿ ಮೇಲೆ ಮಲಗಿದವರು. ನಮ್ಮ ಅಪ್ಪ ಪರೇಲ್ ಕಡೆಯ ಒಂದು ಗಿರಣಿಯಲ್ಲಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಅಪ್ಪನಿಗೆ ಮತ್ತೆ ಆ ಗೇಟು ತೆರೆಯಲಿಲ್ಲ, ಬರಬೇಕಾದ ಬಾಕಿಯೂ ಪೂರ್ತಿ ಬರಲಿಲ್ಲ. ಅಮ್ಮ ಡಬ್ಬಿ ಊಟ ಮಾಡಿಕೊಟ್ಟು ಮನೆ ನಡೆಸಿದರು. ಗಿರಣಿ ಇದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ ಇದೆ.

ಹುಬ್ಬಳ್ಳಿಯವ: ಅಕ್ಕಾ, ನೀವು ಹೇಳಿದ್ದು ನಿಜ. ಅಂದಹಾಗೆ ಆ ಮಗ್ಗಗಳಿಗೆ ಹೋದ ಹತ್ತಿಯಲ್ಲಿ ನಮ್ಮದೂ ಇತ್ತು.

ಹಳೇನಕ್ಷೆ: ಎಲ್ಲ ಸರಿ. ಆದರೂ ಕೇಳುತ್ತೇನೆ, ಮುಂಬೈನಲ್ಲಿ ಆ ರೇವೇ ಇಲ್ಲದಿದ್ದರೆ ರೈಲು ಎಲ್ಲಿಗೆ ಹೋಗುತ್ತಿತ್ತು?

ಹುಬ್ಬಳ್ಳಿಯವ: ಕಾರವಾರಕ್ಕೆ ಬರುತ್ತಿತ್ತು ಸಾರ್. ಆಗಿನಿಂದ ಅದನ್ನೇ ಹೇಳುತ್ತಿದ್ದೇನೆ.