ಚಿಂಚೋಳಿ ಅಡವಿಗೆ ಕುರಿ ಬೇಡ, ಕಾರು ಬೇಕಾ?

ಭಾನುವಾರದ ಚಾರಣಿಗ: ನಿನ್ನೆ ಕಲಬುರಗಿಯಿಂದ ನಾಲ್ಕು ಜನ ಚಿಂಚೋಳಿ ಅಡವಿಯ ಚಂದ್ರಂಪಳ್ಳಿ ಡ್ಯಾಮ್ ಕಡೆ ಹೋಗಿದ್ದೆವು. ದಾರಿಯಲ್ಲಿ ದೊಡ್ಡ ಕುರಿಹಿಂಡು. ಹಿಂಡು ದಾಟಿದ ಜಾಗದಲ್ಲಿ ಹುಲ್ಲು ಬುಡ ಸಮೇತ ಖಾಲಿ. 2011ರಲ್ಲೇ ವನ್ಯಜೀವಿ ಧಾಮ ಆದ ಜಾಗ ಇದು, ಸುಮಾರು 135 ಚದರ ಕಿ.ಮೀ. ಮೇಯಿಸೋದನ್ನು ಪೂರ್ತಿ ನಿಲ್ಲಿಸಬೇಕು ಅನಿಸಿತು. ನೀವೇನಂತೀರಿ?

ಕರಿ ಕಂಬಳಿ: ತಮ್ಮಾ, ನಮ್ಮಪ್ಪ ಕುರಿ ಕಾಯ್ದವರು. ಮಳೆ ಶುರುವಾದರೆ ಹೊಲದ ತುಂಬ ತೊಗರಿ, ಹೆಸರು. ಕುರಿ ಕಾಲಿಡೋಕೂ ಜಾಗ ಇರಲ್ಲ. ಆಗ ಗುಡ್ಡವೇ ಗತಿ. ತೊಗರಿ ರಾಶಿ ಆದಮೇಲೆ ಅದೇ ರೈತರು ಕರೆದು, ಗೊಬ್ಬರಕ್ಕೆ ಅಂತ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನೀವು ನೋಡಿದ್ದು ಒಂದು ಭಾನುವಾರ ಮಾತ್ರ.

ಕಾನೂನು ಕಟ್ಟೆ: ಸುಮ್ನೆ ‘ಪೂರ್ತಿ ನಿಲ್ಲಿಸಿ’ ಅನ್ನೋಕಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಬಿಡುವಂತಿಲ್ಲ. ಧಾಮದ ಲೆಕ್ಕ ಬೇರೆ. ಅಲ್ಲಿ ಮೇಯಿಸೋದನ್ನು ಹತೋಟಿಯಲ್ಲಿಡಬಹುದು, ಬೇಕಾದರೆ ತಡೆಯಬಹುದು. ಸುತ್ತ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು ಅಂತಲೂ ಇದೆ. ಅದರ ಬಗ್ಗೆ ಯಾರೂ ಮಾತಾಡಲ್ಲ ನೋಡಿ.

ಬೀದರ್ ಮಾಸ್ತರ್: ನನ್ನ ಚಿಂತೆ ಹುಲ್ಲಿಗಿಂತ ಬಳ್ಳಾರಿ ಜಾಲಿದು. ಅದರ ಕಾಯಿ ಸಿಹಿ, ದನ ಬಿಡದೆ ತಿನ್ನುತ್ತವೆ. ಬೀಜ ಮಾತ್ರ ಅರಗಲ್ಲ. ಹೋದ ವರ್ಷ ಮೊದಲ ಮಳೆ ಆದಮೇಲೆ ನಮ್ಮೂರ ಗಾಯರಾಣದಲ್ಲಿ (ಗೋಮಾಳದಲ್ಲಿ) ಒಂದು ಒಣ ಸಗಣಿ ಎತ್ತಿ ನೋಡಿದೆ. ಒಂದರಲ್ಲೇ ಹನ್ನೊಂದು ಮೊಳಕೆ! ಈ ಮುಳ್ಳು ಬೆಳೆದರೆ ಬಯಲೇ ಮುಚ್ಚಿಹೋಗುತ್ತೆ. ಕೃಷ್ಣಮೃಗ ದೂರ ಕಂಡರೆ ಓಡಿ ಬದುಕೋ ಪ್ರಾಣಿ, ಪೊದೆ ನಡುವೆ ಏನು ಮಾಡಬೇಕು? ಹಾಗಂತ ಬೇಲಿ ಹಾಕಿ ಕೂತರೂ ಆಗಲ್ಲ. ಹುಲ್ಲು ಸೊಂಟದೆತ್ತರ ಬೆಳೆದು ಒಣಗುತ್ತೆ. ಏಪ್ರಿಲ್‌ನಲ್ಲಿ ಒಂದು ಬೀಡಿ ಸಾಕು.

ಕರಿ ಕಂಬಳಿ: ಮಾಸ್ತರ್, ಸಗಣಿ ಆಕಳದ್ದು, ಬೈಗುಳ ಕುರಿಗೆ!

ತಾಂಡಾದ ಹುಡುಗಿ: ಧಾಮದೊಳಗೆ ನಮ್ಮ ತಾಂಡಾಗಳೂ ಇವೆ, ಅದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. ಎತ್ತಿಪೋತ ಜಲಪಾತಕ್ಕೆ ನೀರು ಬಂತು ಅಂದರೆ ಸಾಕು, ಜನಜಾತ್ರೆ. ಸ್ಪೀಕರ್, ಬಿರಿಯಾನಿ ಪೊಟ್ಟಣ, ಬಂಡೆ ಮೇಲೆ ಒಡೆದ ಬಾಟಲಿ. ನಮ್ಮ ಆಡಿನ ಗೊರಸಿನ ಸಂದಿಗೆ ಗಾಜು ಹೊಕ್ಕಿತ್ತು. ಅವ್ವ ಸೂಜಿಯಿಂದ ತೆಗೆದಳು. ಹದಿನೈದು ದಿನ ಕುಂಟಿತು. ಆಡಿಗೇ ಹೀಗಾದರೆ ಜಿಂಕೆಗೆ ಯಾರು ಸೂಜಿ ಹಿಡೀತಾರೆ?

ಭಾನುವಾರದ ಚಾರಣಿಗ: ಅಕ್ಕಾ, ನಾವು ಬಾಟಲಿ ಒಯ್ದಿರಲಿಲ್ಲ. ಆದರೆ ಸ್ಪೀಕರ್ ಇತ್ತು. ತಪ್ಪಾಯ್ತು.

ಬೀದರ್ ಮಾಸ್ತರ್: ಒಂದು ದಾರಿ ಇದೆ. ಗುಡ್ಡವನ್ನು ಮೂರು ಪಾಲು ಮಾಡಿ. ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರೋವರೆಗೆ ಒಂದು ಪಾಲು ಬಂದ್, ಕುರಿಗೂ ಕಾರಿಗೂ. ಮುಂದಿನ ವರ್ಷ ಇನ್ನೊಂದು ಪಾಲು. ಜಾಲಿ ಕಡಿಯೋ ಕೂಲಿ ತಾಂಡಾದವರಿಗೇ ಕೊಡಲಿ.

ಕಾನೂನು ಕಟ್ಟೆ: ಯಾವ ಪಾಲು ಮೊದಲು ಅಂತ ಕಚೇರಿಯಲ್ಲಿ ಕೂತು ಗೆರೆ ಎಳೆದರೆ ಮತ್ತೆ ಜಗಳ.

ಕರಿ ಕಂಬಳಿ: ಅದಕ್ಕೇ ಗೆರೆ ಎಳೆಯೋ ದಿನ ನಮ್ಮನ್ನೂ ಕರೀರಿ. ಮೂರರಲ್ಲಿ ಒಂದು ಬಂದ್ ಅಂದರೆ ನಾನು ಒಪ್ಪುತ್ತೇನೆ. ಹಳ್ಳಕ್ಕಿಳಿಯೋ ದಾರಿ ಮಾತ್ರ ಮುಚ್ಚಬೇಡಿ. ಮಧ್ಯಾಹ್ನ ಕುರಿಗೆ ನೀರು ಕುಡಿಸೋಕೆ ನಮಗಿರೋದು ಅದೊಂದೇ.